ವೈಜಯಂತಿ ಲಿಮಯೆ ಕಲಿಸದ ಪಾಠ

ಪುಣೆಯ ನಾರಾಯಣ ಪೇಠೆಯ ಒಂದು ಹಳೆಯ ವಾಡೆಯಲ್ಲಿ, ಕೆಳಗೆ ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿ, ಮೇಲೆ ವೈಜಯಂತಿ ಲಿಮಯೆಯ ಸಿ ಭಾಷೆಯ ತರಗತಿ. ಮೆಟ್ಟಿಲ ಬುಡದಲ್ಲಿ ವಾಡೆಯ ಮಾಲೀಕರು ತೂಗುಹಾಕಿದ ಫಲಕವೊಂದಿತ್ತು: "ಚಪ್ಪಲಿಗಳನ್ನು ಸಾಲಾಗಿ ಬಿಡಬೇಕು. ಸಾಲು ಎಂದರೇನೆಂದು ಗೊತ್ತಿಲ್ಲದವರು ಬರಿಗಾಲಲ್ಲೇ ಬರಬೇಕು." ಆ ಊರಿನಲ್ಲಿ ಇಂಥ ಫಲಕಕ್ಕೆ ಯಾರೂ ಬೇಸರಿಸುವುದಿಲ್ಲ. ಓದಿ, ಮೆಚ್ಚಿ, ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು ಮೇಲೆ ಹೋಗುತ್ತಾರೆ.

ವೈಜಯಂತಿ ಚೆನ್ನಾಗಿ ಕಲಿಸುತ್ತಿದ್ದಳು. ಎಂಥ ಮೊದ್ದು ಹುಡುಗನಿಗೂ ಪಾಯಿಂಟರ್ ಅರ್ಥವಾಗುವಂತೆ ಹೇಳುವ ಹೆಂಗಸು ಎಂದು ಹೆಸರಿತ್ತು. ಆದರೆ ಪುಸ್ತಕದಲ್ಲಿ ಒಂದು ಪಾಠವನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಎರಡು ಕಂಪ್ಯೂಟರುಗಳು ದೂರದಿಂದ ಒಂದರೊಡನೊಂದು ಮಾತಾಡುವುದು ಹೇಗೆ ಎಂಬ ಪಾಠ, ಎಂದರೆ ಸಾಕೆಟ್ಟಿನ ಪಾಠ. ಅದು ಬಂದೊಡನೆ ಅವಳು ಪಕ್ಕದ ಓಣಿಯ ಬಾಪಟ ಎಂಬ ಮೇಷ್ಟರನ್ನು ಕರೆಸಿ, ತಾನು ಹೊರಗಿನ ಗ್ಯಾಲರಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಮ್ಯಾಡಮ್‌ಗ ಸಾಕೆಟ್ ಅಂದ್ರ ಶಾಕ್ ಹೊಡೀತದ" ಎಂದು ಹುಡುಗರು ನಗುತ್ತಿದ್ದರು. ಅವಳೂ ಬೇಕೆಂದೇ ನಕ್ಕು ಸುಮ್ಮನಾಗುತ್ತಿದ್ದಳು.

ನಗುವ ವಿಷಯವೇನೂ ಅಲ್ಲ. ಅವಳು ಬರೆದ ಅಂಥದೇ ಒಂದು ಪ್ರೋಗ್ರಾಂ ಸುಳ್ಳು ಹೇಳಿತ್ತು. ಆ ಸುಳ್ಳಿನಿಂದ, ದಾನ ಕೊಟ್ಟಿದ್ದ ಎರಡು ಕಣ್ಣುಗಳು ಚಿತೆಗೆ ಹೋಗಿದ್ದವು. ಅವಳಿಗೆ ವಿದ್ಯೆ ಕಲಿಸಿದ ಘೈಸಾಸ ಸರ್ ಆ ತಪ್ಪನ್ನು ತಮ್ಮ ಮೇಲೂ ಎಳೆದುಕೊಂಡು ನೌಕರಿ ಬಿಟ್ಟಿದ್ದರು. ಇವಳು ಪ್ರೋಗ್ರಾಂ ಬರೆಯುವುದನ್ನೇ ಬಿಟ್ಟಿದ್ದಳು. ಎಂದಾದರೊಂದು ದಿನ ಸರ್ ತಮ್ಮ ಬಾಯಿಂದ "ಲಿಮಯೆ, ನಿಂದು ಸರಿ ಇತ್ತು" ಅನ್ನಬೇಕು ಎಂಬುದು ಅವಳ ಒಳಗಿನ ಆಸೆ. ಆ ಮಾತು ಬರುವ ಹಾಗಿರಲಿಲ್ಲ, ಏಕೆಂದರೆ ಸರಿ ಇರಲಿಲ್ಲವೆಂದು ಅವಳೇ ನಂಬಿಬಿಟ್ಟಿದ್ದಳು.

ಘೈಸಾಸ ಸರ್ ಎಂದರೆ ಅರವಿಂದ ಘೈಸಾಸ. ಅದೇ ಊರಿನ ಎರಂಡವಣೆ ಬಡಾವಣೆಯ ಒಂದು ಬಂಗಲೆಯ ಗ್ಯಾರೇಜಿನಲ್ಲಿ ನಡೆಯುತ್ತಿದ್ದ ಸಣ್ಣ ಕಂಪನಿಗೆ ಅವರೇ ಜೀವ. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ನಾಲಿಗೆಯ ತುದಿಯಲ್ಲಿ ಸದಾ ಒಂದು ಕುಟುಕು. ಕಾಲೇಜು ಮುಗಿಸಿ ಕೆಲಸ ಕೇಳಿಕೊಂಡು ಬಂದ ವೈಜಯಂತಿಯ ಅಂಕಪಟ್ಟಿಯನ್ನು ಅವರು ತಿರುಗಿಸಿಯೂ ನೋಡಲಿಲ್ಲ.

"ಇಷ್ಟ ಅಂಕ ತಗೊಂಡಾಕಿ ನಮ್ಮ ಗ್ಯಾರೇಜಿಗೆ ಯಾಕ ಬಂದೀಯವಾ? ದಾರಿ ತಪ್ಪೇನು?" ಎಂದು ಕೇಳಿದ್ದರು.

"ಕಲೀಲಿಕ್ಕೆ ಬಂದೀನಿ ಸರ್."

"ಹಂಗಾರ ಮೊದಲನೇ ಪಾಠ ಈಗ ಕೇಳಿಬಿಡು. ಕಂಪ್ಯೂಟರ್ ಅಂದ್ರ ಮಾವನ ಮನೀಗೆ ಬಂದ ಹೊಸಾ ಅಳಿಯ ಇದ್ದಂಗ. ಹೊಟ್ಟಿ ಹಸದಿದ್ರೂ ಬಾಯಿ ಬಿಟ್ಟು ಹೇಳೂದಿಲ್ಲ. ನಾವ ಕೇಳಬೇಕು. ಕೇಳಿ, ಮತ್ತ ಕೇಳಬೇಕು."

ಆ ಪಾಠವನ್ನು ಅವಳು ಮಂತ್ರದ ಹಾಗೆ ಹಿಡಿದುಕೊಂಡಳು. ಮುಂದಿನ ಹತ್ತು ವರ್ಷದಲ್ಲಿ ಆ ಗ್ಯಾರೇಜಿನಿಂದ ಹೊರಬಿದ್ದ ಪ್ರೋಗ್ರಾಂಗಳಲ್ಲಿ ಒಳ್ಳೆಯವೆಲ್ಲ ಅವಳ ಕೈಯಿಂದ ಬಂದವು. ಬೇರೆಯವರು ಹಾಡು, ಹಸೆ ಎಂದು ಕೊಡುವ ಮನಸ್ಸನ್ನೆಲ್ಲ ಇವಳು ಪ್ರೋಗ್ರಾಂ ಬರೆಯುವುದಕ್ಕೇ ಕೊಟ್ಟಳು. ಮದುವೆಯ ಮಾತು ಬಂದಾಗ "ಈ ಕೆಲಸ ಒಂದು ಮುಗೀಲಿ" ಎನ್ನುತ್ತಿದ್ದಳು. ಒಂದು ಮುಗಿದರೆ ಇನ್ನೊಂದು ಬರುತ್ತಿತ್ತು. ಆಮೇಲೆ ಕೇಳುವವರೇ ಸುಮ್ಮನಾದರು.

ಹೊಸ ಶತಮಾನ ಹುಟ್ಟಿದ ವರ್ಷ ಒಂದು ನೇತ್ರ ಭಂಡಾರದ ಟ್ರಸ್ಟಿನವರು ಕೆಲಸ ಹೊತ್ತು ಬಂದರು. ಸುತ್ತಲಿನ ಊರುಗಳ ಆಸ್ಪತ್ರೆಗಳಲ್ಲಿ ಕಣ್ಣು ದಾನ ಬರೆದುಕೊಟ್ಟವರು ಯಾರಾದರೂ ತೀರಿಕೊಂಡರೆ, ಅಲ್ಲಿನ ಕಂಪ್ಯೂಟರಿನಿಂದ ಭಂಡಾರದ ಕಂಪ್ಯೂಟರಿಗೆ ಆ ಕ್ಷಣ ಸುದ್ದಿ ಹೋಗಬೇಕು, ಇಲ್ಲಿಂದ ಡಾಕ್ಟರು ಹೊರಡಬೇಕು. ಕೆಲವೇ ತಾಸಿನೊಳಗೆ ತೆಗೆಯದಿದ್ದರೆ ಕಣ್ಣು ಕೆಡುತ್ತವೆ. ಸರ್ ಆ ಕೆಲಸವನ್ನು ಪೂರ್ತಿ ವೈಜಯಂತಿಗೆ ಒಪ್ಪಿಸಿದರು.

ಸಾಕೆಟ್ ಎಂದರೆ ಕಂಪ್ಯೂಟರಿನ ಕಿವಿ, ಬಾಯಿ ಎರಡೂ ಹೌದು. ಸುದ್ದಿಯನ್ನು ಅದರೊಳಗೆ ಹಾಕಿದರೆ ಅದು ತೆಗೆದುಕೊಳ್ಳುತ್ತದೆ. ತೆಗೆದುಕೊಂಡ ಮಾತ್ರಕ್ಕೆ ಆ ಕಡೆ ಮುಟ್ಟಿತು ಎಂದಲ್ಲ. ಆ ಕಡೆ, ಎಂದರೆ ಭಂಡಾರದಲ್ಲಿ, ಕರೆಂಟು ಹೋಗಿ ಬಂದು, ಅಲ್ಲಿನ ಯಂತ್ರ ಹಳೆಯ ನಂಟನ್ನೇ ಮರೆತಿದ್ದರೆ, ಸ್ವಲ್ಪ ಹೊತ್ತಿನ ಮೇಲೆ "ನೀನು ಯಾರೋ ಗೊತ್ತಿಲ್ಲ" ಎಂಬ ಉತ್ತರ ಬರುತ್ತದೆ. ಬಂದದ್ದು ಸಾಕೆಟ್ಟಿನೊಳಗೇ ಸದ್ದಿಲ್ಲದೆ ಕೂತಿರುತ್ತದೆ. ಅದಕ್ಕಾಗಿ ಸಿ ಭಾಷೆಯಲ್ಲಿ ಗೆಟ್‌ಸಾಕ್‌ಆಪ್ಟ್ ಎಂಬ ಕರೆಯಿದೆ. ಸಾಕೆಟ್ಟಿನ ಸ್ಥಿತಿ ಏನು, ಅದರ ಸಂಗ್ರಹ ಎಷ್ಟು, ಏನಾದರೂ ತಪ್ಪು ಸಂಭವಿಸಿದೆಯೇ ಎಂದು ಆ ಕರೆಯಿಂದ ಕೇಳಬಹುದು. ತಪ್ಪಿಲ್ಲದಿದ್ದರೆ ಸೊನ್ನೆ ಕೊಡುತ್ತದೆ, ಇದ್ದರೆ ಆ ತಪ್ಪಿನ ಅಂಕಿ ಕೊಡುತ್ತದೆ. ವೈಜಯಂತಿ ಹಾಗೇ ಬರೆದಿದ್ದಳು. ಸುದ್ದಿ ಹಾಕು, ತುಸು ತಾಳು, ಕೇಳು. ಸೊನ್ನೆ ಬಂದರೆ ಪರದೆಯ ಮೇಲೆ ಹಸಿರು: ಸುದ್ದಿ ಮುಟ್ಟಿತು. ಬೇರೆ ಬಂದರೆ ಕೆಂಪು: ಮುಟ್ಟಿಲ್ಲ, ಫೋನ್ ಮಾಡಿ. ಇವತ್ತಿನವರಾದರೆ ಆ ಕಡೆಯಿಂದಲೇ "ತಲುಪಿತು" ಎಂಬ ಮರು ಸುದ್ದಿ ತರಿಸಿಕೊಳ್ಳುತ್ತಾರೆ. ಅಂದಿನ ಫೋನ್ ತಂತಿಗಳಿಗೆ ಹೋಗುವ ಸುದ್ದಿಯೇ ಭಾರವಾಗಿತ್ತು, ಬರುವುದನ್ನು ಕೇಳುವವರಿರಲಿಲ್ಲ.

ಕೆಂಪು ಬಹಳ ಬರತೊಡಗಿತು. ಆ ವರ್ಷ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿರಲಿಲ್ಲ. ಆಸ್ಪತ್ರೆಯೊಂದರ ಗುಮಾಸ್ತ ಫೋನಿನಲ್ಲಿ "ನಿಮ್ಮ ಕೆಂಪು ನೋಡಿ ನೋಡಿ ನಮ್ಮ ಕಣ್ಣ ದಾನಾ ಮಾಡೂ ಹಂಗ ಆಗೇದ್ರಿ" ಎಂದ. ಟ್ರಸ್ಟಿನವರು ಮುಖ ಸಣ್ಣ ಮಾಡಿದರು. ಆಗ ಘೈಸಾಸ ಸರ್ ತಾವೇ ಇವಳ ಖುರ್ಚಿಯಲ್ಲಿ ಬಂದು ಕೂತರು.

"ಯಾವ ತಪ್ಪು ಬರ್ತದ ಅಂತ ನಾ ಸ್ವತಃ ಕೇಳಿ ನೋಡ್ತೀನಿ. ಇನ್ನೊಬ್ಬರು ಕೇಳಿದ್ದನ್ನ ನಾ ನಂಬೂದಿಲ್ಲ, ಗೊತ್ತದಲ್ಲ ನಿನಗ" ಎಂದು, ಅವಳು ಕೇಳುವ ಜಾಗಕ್ಕಿಂತ ಒಂದು ಹೆಜ್ಜೆ ಮೇಲೆ ತಮ್ಮದೊಂದು ಸಾಲು ಸೇರಿಸಿದರು. ಅದೇ ಕರೆ, ಅದೇ ಪ್ರಶ್ನೆ. ಬಂದ ಅಂಕಿಯನ್ನು ಯಂತ್ರದ ದಿನಚರಿಯಲ್ಲಿ ಬರೆದಿಡಬೇಕು, ಅಷ್ಟೇ. ಅವಳ ಸಾಲುಗಳನ್ನು ಅವರು ಮುಟ್ಟಲಿಲ್ಲ.

"ಕೆಲಸ ಆದ ಮ್ಯಾಲೆ ತಗೀಲೇನು ಸರ್?" ಎಂದು ಅವಳು ಕೇಳಿದಳು.

"ಇರ್ಲಿ ಬಿಡು. ಕೇಳೂದರಿಂದ ಯಾರ ಅಪ್ಪನ ಗಂಟ ಹೋಗ್ತದ?"

ಆ ವಾರದಿಂದ ಕೆಂಪು ಬರುವುದು ನಿಂತಿತು. ಅದೇ ವಾರ ಫೋನಿನವರು ತಂತಿ ಬದಲಿಸಿದ್ದರು, ಹಾಗಾಗಿ ಎಲ್ಲರಿಗೂ ಒಂದು ಕಾರಣ ಸಿಕ್ಕಿತು. ಸರ್ ಮಾತ್ರ ಮೀಸೆಯಲ್ಲಿ ನಗುತ್ತ, "ನೋಡ್ದಿ? ನಾ ಬರೇ ಕೇಳ್ದೆ. ಅಂಜಿ ನೆಟ್ಟಗಾತು" ಎಂದರು. ಟ್ರಸ್ಟಿನವರು ಪೇಢೆಯ ಡಬ್ಬಿ ಕಳಿಸಿದರು. ಆ ದಿನಗಳಲ್ಲಿ ಮುಟ್ಟದೇ ಹೋದ ಸುದ್ದಿ ಇನ್ನೂ ಇದ್ದಿರಬೇಕು. ಆದರೆ ತೀರಿಕೊಂಡವರ ಮನೆಯವರು ಭಂಡಾರಕ್ಕೆ ನೇರ ಫೋನ್ ಮಾಡಿಬಿಡುತ್ತಿದ್ದರಿಂದ ಬಯಲಿಗೆ ಬರಲಿಲ್ಲ.

ಬಯಲಿಗೆ ಬಂದದ್ದು ಕಿರಪೇಕರ ಮಾಸ್ತರರ ಸಾವಿನಿಂದ. ಸಾತಾರೆಯ ಕಡೆಯ ಒಂದು ಊರಿನಲ್ಲಿ ಜೀವಮಾನವಿಡೀ ಮಕ್ಕಳಿಗೆ ಚಿತ್ರ ಕಲಿಸಿದವರು. ತನ್ನ ಕಣ್ಣು ಯಾರಾದರೊಬ್ಬರಿಗೆ ಬಣ್ಣ ತೋರಿಸಲಿ ಎಂದು ಅವರ ಹಟ. ಮಧ್ಯಾಹ್ನ ತೀರಿಕೊಂಡರು. ಆಸ್ಪತ್ರೆಯ ಗುಮಾಸ್ತ ಸುದ್ದಿ ಹಾಕಿದ, ಹಸಿರು ಬಂತು. ಮಗಳು ಎಷ್ಟು ಸಲ ಕೇಳಿದರೂ "ಸುದ್ದಿ ಮುಟ್ಟೇದ ಅಕ್ಕಾರ, ಹೊಂಟಾರ, ದಾರಿಯೊಳಗ ಇದ್ದಾರು" ಎಂದ. ಅವಳು ಫ್ಯಾನು ನಿಲ್ಲಿಸಿ, ಅಪ್ಪನ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ಒಣಗಿದಾಗೆಲ್ಲ ಮತ್ತೆ ನೀರು ಹಾಕುತ್ತ ಸಂಜೆಯವರೆಗೆ ಕೂತಿದ್ದಳು. ಯಾರೂ ಬರಲಿಲ್ಲ. ಕೊನೆಗೆ ಊರವರೇ ಸಮಾಧಾನ ಹೇಳಿ ಹೆಣ ಎತ್ತಿಸಿದರು.

ಪತ್ರಿಕೆಯಲ್ಲಿ ಬಂತು. ಟ್ರಸ್ಟಿನವರು ದಿನಚರಿ ತೆರೆಸಿದರು. ಅದರಲ್ಲಿ ಎಲ್ಲರ ಕಣ್ಣಿಗೆ ಹೊಡೆಯುವಂತೆ ಇತ್ತು: ಮೊದಲ ಸಾಲಿನಲ್ಲಿ ತಪ್ಪಿನ ಅಂಕಿ, ಅದರ ಬೆನ್ನಿಗೇ "ಸುದ್ದಿ ಮುಟ್ಟಿತು." ಓದಿದವರೆಲ್ಲ ಒಂದೇ ಮಾತು ಹೇಳಿದರು. ತಪ್ಪಾಗಿದೆಯೆಂದು ಯಂತ್ರ ಮುಖಕ್ಕೆ ಹೊಡೆದಂತೆ ಹೇಳಿದೆ, ಈ ಹೆಂಗಸಿನ ಪ್ರೋಗ್ರಾಂ ಕಿವಿಗೆ ಹಾಕಿಕೊಂಡಿಲ್ಲ.

ವೈಜಯಂತಿ ತನ್ನ ಸಾಲುಗಳನ್ನು ಓದಿದಳು, ಮತ್ತೆ ಓದಿದಳು. ಮನೆಯ ಕಂಪ್ಯೂಟರಿನಲ್ಲಿ ತನ್ನ ಮೂಲ ಪ್ರತಿಯನ್ನು ಓಡಿಸಿದಳು. ಅಲ್ಲಿ ಅದು ಪ್ರತಿ ಸಲವೂ ಸರಿಯಾಗಿ ಕೆಂಪು ತೋರಿಸಿತು. ಮನೆಯಲ್ಲಿ ಸರಿ, ಅಲ್ಲಿ ತಪ್ಪು ಎಂದಾಗ ಅವಳಿಗೆ ಯಂತ್ರಕ್ಕಿಂತ ತನ್ನ ಬುದ್ಧಿಯ ಮೇಲೇ ಸಂಶಯ ಬಂತು. ಸರ್ ಸೇರಿಸಿದ ಸಾಲನ್ನು ಅವಳು ಸಾಲೆಂದು ಎಣಿಸಲೇ ಇಲ್ಲ. ಅದು ಏನನ್ನೂ ಮಾಡುತ್ತಿರಲಿಲ್ಲ, ಬರೇ ಕೇಳುತ್ತಿತ್ತು. ಅದಲ್ಲದೆ ಅದು ಸರ್ ಬರೆದದ್ದು.

ಟ್ರಸ್ಟಿನ ಸಭೆಯಲ್ಲಿ ಯಾರೂ ಬಾಯಿ ತೆಗೆಯುವ ಮೊದಲೇ ಅವಳು ಎದ್ದು ನಿಂತಳು. "ತಪ್ಪು ನಂದು. ಎಲ್ಲಿ ಅಂತ ಇನ್ನೂ ಸಿಕ್ಕಿಲ್ಲ. ಆದ್ರ ಬರದಾಕಿ ನಾನು" ಎಂದಳು. ಆಮೇಲೆ ಘೈಸಾಸ ಸರ್ ಎದ್ದರು. ಅವರ ಮುಖ ಸುಣ್ಣದ ಹಾಗಿತ್ತು. "ಆಕಿ ಒಬ್ಬಾಕಿದಲ್ಲ. ಜವಾಬ್ದಾರಿ ನಂದು. ನಾ ಇವತ್ತ ಬಿಡ್ತೀನಿ" ಎಂದು ಹೇಳಿ ಕೂತರು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ಶಿಷ್ಯೆಗಾಗಿ ನೌಕರಿ ಬಿಟ್ಟ ಗುರು ಎಂಬ ಮಾತು ಪೇಠೆಗಳಲ್ಲೆಲ್ಲ ಹರಡಲು ಎರಡು ದಿನ ಸಾಕಾಯಿತು.

ಅಂದಿನಿಂದ ಪ್ರತಿ ವರ್ಷ ಗುರುಪೂರ್ಣಿಮೆಗೆ ವೈಜಯಂತಿ ಸರ್ ಮನೆಗೆ ಹೋಗುವುದನ್ನು ತಪ್ಪಿಸಲಿಲ್ಲ. ಹೂವು ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಕೂರುತ್ತಿದ್ದಳು. ಸರ್ ಮೊದಲಿನ ಹಾಗೆ ಕುಟುಕುತ್ತಿರಲಿಲ್ಲ. ಮಳೆ, ಮುನಸಿಪಾಲಿಟಿ, ಹಲ್ಲುನೋವು ಎಂದು ಏನೇನೋ ಮಾತಾಡುತ್ತಿದ್ದರು. ಇವಳು ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದ ಅವರ ಹೆಂಡತಿ ಮಂದಾಕಾಕು ಮಾತ್ರ ಚಹಾದ ಕಪ್ಪನ್ನು ಸ್ಟೂಲಿನ ಮೇಲಿಟ್ಟು, ಇವಳ ಮುಖವನ್ನೂ ನೋಡದೆ ಒಳಗೆ ಹೋಗಿಬಿಡುತ್ತಿದ್ದಳು. ತಿಂಗಳ ಪಗಾರ ನಿಂತುಹೋದ ಮನೆಯ ಹೆಂಗಸು, ಯಾರಿಂದ ನಿಂತಿತೋ ಅವಳ ಮುಖವನ್ನು ಏಕೆ ನೋಡಿಯಾಳು ಎಂದು ವೈಜಯಂತಿ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದಳು. ಆ ಪ್ರೋಗ್ರಾಂನ ಮಾತು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ವರ್ಷಗಳು ಹೋದವು. ಆ ಸಲ ಆಷಾಢಕ್ಕೆ ಮೊದಲು ಬಾಪಟ ಮೇಷ್ಟರು ಮೊಳಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದರು. ಪರೀಕ್ಷೆ ಹತ್ತಿರ ಬಂದಿತ್ತು. ಬೇರೆ ದಾರಿಯಿಲ್ಲದೆ ಸಾಕೆಟ್ಟಿನ ಪಾಠಕ್ಕೆ ವೈಜಯಂತಿಯೇ ನಿಂತಳು. ಕೈ ಮೊದಮೊದಲು ಕೀಲಿಮಣೆಯ ಮೇಲೆ ತಡವರಿಸಿತು, ಆಮೇಲೆ ಹಳೆಯ ಅಭ್ಯಾಸ ತಾನೇ ಬಂತು.

ಮುಕ್ತಾ ಶೇಲಾರ ಎಂಬ ಹುಡುಗಿ ಮುಂದಿನ ಬೆಂಚಿನಿಂದ ಕೇಳಿದಳು. "ಮ್ಯಾಡಮ್, ಸೊನ್ನೆ ಬರ್ತದೋ ಬ್ಯಾರೆ ಬರ್ತದೋ ಅಂತ ನೀವು ಬಾಯಲ್ಲೇ ಹೇಳ್ತೀರಿ. ಆ ಅಂಕಿ ಒಮ್ಮೆ ಕಣ್ಣಿಗೆ ತೋರಿಸ್ರಲ್ಲ."

ತೋರಿಸುವುದಕ್ಕೆಂದು ಅವಳು ಪರೀಕ್ಷೆ ಮಾಡುವ ಸಾಲಿನ ಮೇಲೆ ಇನ್ನೊಂದು ಸಾಲು ಬರೆದಳು. ಅದೇ ಕರೆ, ಅಂಕಿಯನ್ನು ಪರದೆಗೆ ಹಾಕಲು. ಪಕ್ಕದ ಕಂಪ್ಯೂಟರಿನ ಪ್ರೋಗ್ರಾಂ ನಿಲ್ಲಿಸಿ ಸುದ್ದಿ ಕಳಿಸಿದಳು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿತು: ತಪ್ಪಿನ ಅಂಕಿ, ಅದರ ಕೆಳಗೆ "ಸುದ್ದಿ ಮುಟ್ಟಿತು."

ತರಗತಿ ಗೊಳ್ಳೆಂದಿತು. "ನಮ್ಮ ಮುನಸಿಪಾಲಿಟಿ ಇದ್ದಂಗ ಅದ ನೋಡ್ರಿ ಇದು" ಎಂದು ಹಿಂದಿನಿಂದ ಯಾರೋ ಅಂದರು. "ಮ್ಯಾಲಿನ ಸಾಲಿನ್ಯಾಗ ಪೈಪ್ ಒಡದದ, ಕೆಳಗಿನ ಸಾಲಿನ್ಯಾಗ ನೀರ ಬಂದದ."

ವೈಜಯಂತಿ ಗೋಡೆಯನ್ನೇ ನೋಡುತ್ತ ನಿಂತಳು. ಆ ಎರಡು ಸಾಲುಗಳನ್ನು ಅವಳು ಹಿಂದೊಮ್ಮೆ ಟ್ರಸ್ಟಿನ ಮೇಜಿನ ಮೇಲೆ ನೋಡಿದ್ದಳು. ಮೇಲಿನ ಸಾಲನ್ನು ಅಳಿಸಿ ಓಡಿಸಿದಳು. ಕೆಂಪು ಬಂತು. ಮತ್ತೆ ಸೇರಿಸಿದಳು. ಹಸಿರು. ಹುಡುಗರನ್ನು ಚಹಾಕ್ಕೆ ಕಳಿಸಿ, ಯಂತ್ರದ ಕೈಪಿಡಿ ತೆರೆದಳು. ಅಲ್ಲಿ ಅರ್ಧ ಸಾಲಿನಲ್ಲಿ ಬರೆದಿತ್ತು: ಈ ಕರೆ ಉಳಿದಿರುವ ತಪ್ಪನ್ನು ತಿಳಿಸುತ್ತದೆ, ತಿಳಿಸಿದೊಡನೆ ಅದನ್ನು ಅಳಿಸುತ್ತದೆ. ಚಿಕ್ಕ ವಯಸ್ಸಿನಲ್ಲಿ ಅವಳು ಎಷ್ಟು ಸಲ ಓದಿದ್ದ ಪುಟ ಅದು. ತಿಳಿಸುತ್ತದೆ ಎಂಬುದನ್ನು ಓದಿದ್ದಳು. ಅಳಿಸುತ್ತದೆ ಎಂಬುದರ ಮೇಲಿನಿಂದ ಕಣ್ಣು ಹಾಯ್ದು ಹೋಗಿತ್ತು. ಸಾಕೆಟ್ಟಿನ ಬೇರೆ ಯಾವ ಸ್ಥಿತಿಯನ್ನಾದರೂ ನೂರು ಸಲ ಕೇಳಿ, ನೂರು ಸಲವೂ ಅದೇ ಹೇಳುತ್ತದೆ. ತಪ್ಪನ್ನು ಮಾತ್ರ ಮೊದಲು ಕೇಳಿದವರಿಗೆ ಹೇಳಿ ಕೈ ತೊಳೆದುಕೊಳ್ಳುತ್ತದೆ. ಮೊದಲು ಕೇಳಿದವರು ಘೈಸಾಸ ಸರ್. ಎರಡನೆಯದಾಗಿ ಕೇಳಿದ ಅವಳ ಸಾಲಿಗೆ ಸೊನ್ನೆ ಸಿಕ್ಕಿತ್ತು.

ಅವಳದು ಸರಿ ಇತ್ತು. ಮೊದಲಿನಿಂದಲೂ ಸರಿ ಇತ್ತು. ಮೊದಲ ಗಳಿಗೆಯಲ್ಲಿ ಅವಳಿಗೆ ಎದ್ದು ಕುಣಿಯಬೇಕೆನಿಸಿತು. ಎರಡನೆಯ ಗಳಿಗೆಯಲ್ಲಿ ಅಳು ಬಂತು. ಮೂವತ್ತೊಂದನೆಯ ವಯಸ್ಸಿನಲ್ಲಿ ಬಿಟ್ಟ ಕೆಲಸವನ್ನು ಐವತ್ತರ ಹೊಸ್ತಿಲಲ್ಲಿ ಎಲ್ಲಿಂದ ಹಿಡಿಯುವುದು? ಆ ಲೋಕ ಅವಳನ್ನು ಬಿಟ್ಟು ಎಷ್ಟೋ ಮುಂದೆ ಹೋಗಿಬಿಟ್ಟಿತ್ತು.

ಇನ್ನೊಂದು ಚಿಂತೆ ಅದಕ್ಕಿಂತ ದೊಡ್ಡದಾಗಿ ಬಂದು ಎದುರಿಗೆ ಕೂತಿತು. ಸರ್‌ಗೆ ಹೇಳುವುದೋ ಬೇಡವೋ? ಹೇಳಿದರೆ ತನಗೆ ಬೇಕಾದ ಮಾತು ಸಿಗುತ್ತದೆ. ಆದರೆ ಶಿಷ್ಯೆಗಾಗಿ ನೌಕರಿ ಬಿಟ್ಟೆ ಎಂಬ ಒಂದೇ ಹಿರಿಮೆಯ ಮೇಲೆ ಆ ಮನುಷ್ಯ ಇಷ್ಟು ವರ್ಷ ಬದುಕಿದ್ದಾರೆ. ಅದನ್ನು ಕಿತ್ತುಕೊಂಡಂತಾಗುತ್ತದೆ. ಹೇಳದಿದ್ದರೆ ತಾನು ಸಾಯುವವರೆಗೆ ಮಾಸ್ತರರ ಕಣ್ಣು ಸುಟ್ಟವಳು. ಎರಡು ವಾರ ಅವಳು ಇದನ್ನೇ ಅಗಿದಳು. ಹೇಳಿಬಿಡುವುದು ಎಂದು ಕೊನೆಗೆ ನಿಶ್ಚಯಿಸಿದಳು. ಬೇರೆ ಯಾರಿಗೂ ಬೇಡ, ಅವರೊಬ್ಬರಿಗೆ ಸಾಕು.

ಗುರುಪೂರ್ಣಿಮೆಯ ದಿನ ಹೋದಾಗ ಸರ್ ಬೆತ್ತದ ಖುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಹಿಂದಿನ ವರ್ಷವೇ ಅವರ ನೆನಪು ಅಲ್ಲಲ್ಲಿ ಸವೆದಿತ್ತು. ಈಗ ಪತ್ರಿಕೆ ತಲೆಕೆಳಗಾಗಿತ್ತು. ಅವಳು ನಮಸ್ಕಾರ ಮಾಡಿ, ಹೂವು ಕೊಟ್ಟು, ಎದುರಿಗೆ ಕೂತು, ಪಾಠ ಹೇಳುವಷ್ಟು ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಎರಡು ಸಾಲು ಹೇಗೆ ಒಂದರ ಕೆಳಗೊಂದು ಇದ್ದವು, ಮೇಲಿನದು ಕೇಳಿದ್ದರಿಂದ ಕೆಳಗಿನದಕ್ಕೆ ಹೇಗೆ ಸೊನ್ನೆ ಬಂತು ಎಂದು ಬಿಡಿಸಿ ಹೇಳಿದಳು. "ಮ್ಯಾಲಿನ ಸಾಲು ನಿಮ್ಮದಿತ್ತು ಸರ್" ಅನ್ನುವಾಗ ಮಾತ್ರ ಅವರ ಮುಖ ಬಿಟ್ಟು ಹೂವಿನ ಕಡೆ ನೋಡಿದಳು.

ಅವರು ತುಂಬ ಗಮನವಿಟ್ಟು ಕೇಳಿದರು. ನಡುನಡುವೆ ತಲೆಯಾಡಿಸಿದರು. ಮುಗಿದ ಮೇಲೆ ಮುಖ ಅರಳಿಸಿ, "ಭಾಳ ಛಲೋ ಬಿಡಿಸಿ ಹೇಳ್ದಿ. ಯಾರ ಕಡೆ ಕಲ್ತೀಯವಾ?" ಎಂದರು.

"ನಿಮ್ಮ ಕಡೇನ ಸರ್."

"ನನ್ನ ಕಡೆ?" ಅವರು ಮೆಲ್ಲಗೆ ನಕ್ಕರು. "ನಾ ಅಂಥಾ ಛಲೋ ಮಾಸ್ತರ ಇದ್ನೇನು?"

ವೈಜಯಂತಿ ಎದ್ದು ಅಡುಗೆಮನೆಯ ಕಡೆ ಹೋದಳು. ಆ ಮನೆಗೆ ಇಷ್ಟು ಸಲ ಬಂದರೂ ಆ ಹೊಸ್ತಿಲು ದಾಟಿರಲಿಲ್ಲ. ಮಂದಾಕಾಕು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಚಹಾ ಉಕ್ಕಿ ಕಟ್ಟೆಯ ಮೇಲೆ ಹರಿದಿತ್ತು.

"ನೀ ಹೇಳಿದ್ದೆಲ್ಲಾ ಕೇಳಿಸ್ತು. ಅವರಿಗೆ ಗೊತ್ತಿತ್ತು ವೈಜೂ" ಎಂದಳು ಕಾಕು.

"ಏನ ಗೊತ್ತಿತ್ತು ಕಾಕು?"

"ಅವರ ಸಾಲಿನಿಂದನ ಆಗಿದ್ದು ಅಂತ. ಸಭಾದ ಹಿಂದಿನ ದಿನ ಕಾಗದ ಹರವಿಕೊಂಡು ಕೂತಿದ್ರು. ಊಟಕ್ಕ ಕರದೆ, ಏಳ್ಲಿಲ್ಲ. ಆಕಿದು ಸರಿ ಅದ ಮಂದಾ, ನಾ ಕೇಳಿದ್ದ ತಪ್ಪು, ಅಂದ್ರು. ನನಗೇನ ತಿಳೀತದ ಆ ಭಾಷಾ? ಕೇಳಿದ್ರ ತಪ್ಪ ಹೆಂಗ ಆಗ್ತದ ಅಂದೆ. ನಾಳೆ ಸಭಾದಾಗ ಹೇಳ್ತೀನಿ ಅಂದ್ರು."

"ಮತ್ತ ಹೇಳ್ಲಿಲ್ಲ."

"ಹೇಳ್ಬೇಕಂತನ ಹೋಗಿದ್ರು. ನೀ ಎದ್ದು ನಿಂತಿ, ತಪ್ಪ ನಂದು ಅಂದಿ. ಅವರ ಬಾಯಿ ಅಲ್ಲೇ ಕಟ್ಟಿಹೋತು. ಮನೀಗೆ ಬಂದು, ನೌಕರಿ ಬಿಡೂದು ಸೋವಿ ಆತು, ಹೇಳೂದ ತುಟ್ಟಿ ಆತು, ಅಂದ್ರು. ಎರಡ ದಿನ ಬಿಟ್ಟು ಹೊಂಟಿದ್ರು ನಿನ್ನ ಮನೀಗೆ. ನಾನ ಅಡ್ಡ ನಿಂತೆ." ಕಾಕು ಒದ್ದೆ ಅರಿವೆಯಿಂದ ಕಟ್ಟೆ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ನಮ್ಮ ಮಗಳು ಅಶ್ವಿನಿ ಮದವಿ ಗಟ್ಟಿ ಆಗಿತ್ತು. ಬೀಗರು ಊರ ತುಂಬ ಹೇಳ್ಕೋತ ತಿರಗ್ತಿದ್ರು, ಎಂಥಾ ದೊಡ್ಡ ಮನಸಿನ ಮನಿತನಾ ಅಂತ. ಮದವಿ ಆಗ್ಲಿ, ಆಮ್ಯಾಲೆ ಹೇಳ್ರಿ ಅಂದೆ. ಮದವಿ ಆತು. ಆಷಾಢ ಬಂತು. ನೀ ಹೂ ತಗೊಂಡು ಬಂದು ಕಾಲಿಗೆ ಬಿದ್ದಿ. ಕಾಲಿಗೆ ಬಿದ್ದ ಹುಡುಗೀಗೆ ಹೆಂಗ ಹೇಳಬೇಕು?"

"ನಿಮಗ ನನ್ನ ಮ್ಯಾಲೆ ಸಿಟ್ಟು ಅಂತ ತಿಳಕೊಂಡಿದ್ದೆ" ಎಂದಳು ವೈಜಯಂತಿ.

"ನಿನ್ನ ಮಾರಿ ನೋಡ್ಲಿಕ್ಕೆ ನನಗ ಆಗ್ತಿದ್ದಿಲ್ಲವಾ. ಸಿಟ್ಟಲ್ಲ." ಕಾಕು ಈಗ ತಿರುಗಿದಳು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. "ಪ್ರತಿ ವರ್ಷ ನೀ ಬರೂ ದಿನ ಮುಂಜಾನೆ ಅಂತಿದ್ರು, ಈ ಸಲ ಲಿಮಯೆ ಕೇಳ್ತಾಳ, ಕೇಳಿದ್ರ ಹೇಳಿಬಿಡ್ತೀನಿ ಅಂತ. ತಪ್ಪ ಎಲ್ಲಿತ್ತು ಸರ್ ಅಂತ ಒಂದ ಮಾತ ಕೇಳಿದ್ರ ಸಾಕಿತ್ತು. ಅವರಿಗೆ ಎದುರಿಗೆ ಸುಳ್ಳ ಹೇಳ್ಲಿಕ್ಕೆ ಬರ್ತಿದ್ದಿಲ್ಲ, ನಿನಗೂ ಗೊತ್ತದ. ನೀ ಹೋದ ಮ್ಯಾಲೆ ದಿನಾ ಪೂರ್ತಿ ಸುಮ್ನ ಕೂಡ್ತಿದ್ರು. ಕೇಳ್ಲಿಲ್ಲ ಮಂದಾ, ಈ ಸಲಾನೂ ಕೇಳ್ಲಿಲ್ಲ, ಅಂತಿದ್ರು."

ವೈಜಯಂತಿಗೆ ಸಿಟ್ಟು ಬಂತು. ಒಬ್ಬ ಹೆಂಗಸಿನ ಹೂವು ಮತ್ತು ನಮಸ್ಕಾರದ ಹಿಂದೆ ಅಡಗಿ ಇಷ್ಟು ಕಾಲ ಕೂತ ಆ ಮನುಷ್ಯನ ಮೇಲೆ, ಅಡ್ಡ ನಿಂತ ಈ ಹೆಂಡತಿಯ ಮೇಲೆ ಬಂತು. ಆದರೆ ಅದು ಅಲ್ಲೇ ನಿಲ್ಲಲಿಲ್ಲ, ತಿರುಗಿ ತನ್ನ ಮೇಲೂ ಬಂತು. ಕೇಳು, ಮತ್ತೆ ಕೇಳು ಎಂದು ಕಲಿಸಿದವರನ್ನೇ ತಾನು ಏಕೆ ಕೇಳಲಿಲ್ಲ? ನಾಚಿಕೆ. ತಪ್ಪು ಸಿಗದ ದಡ್ಡಿ ಎಂದು ಅವರು ತಿಳಿದಾರೆಂಬ ನಾಚಿಕೆ. ಯಂತ್ರವನ್ನು ಹಗಲೆಲ್ಲ ಪ್ರಶ್ನೆ ಕೇಳಿದವಳು, ಮನುಷ್ಯನ ಎದುರಿಗೆ ಪ್ರತಿ ವರ್ಷ ಕೂತು ಮಳೆಯ ಮಾತಾಡಿ ಎದ್ದು ಬಂದಿದ್ದಳು.

"ನನ್ನ ಕೆಲಸ ಹೋತು ಕಾಕು. ನೌಕರಿ ಅಲ್ಲ, ಕೆಲಸ" ಎಂದಳು.

"ಗೊತ್ತದವಾ" ಎಂದಳು ಕಾಕು. ಉಳಿದ ಚಹಾವನ್ನು ಸೋಸಿ ಎರಡು ಕಪ್ಪಿಗೆ ಹಾಕಿ, ಒಂದನ್ನು ಅವಳ ಕೈಗೇ ಕೊಟ್ಟಳು. ಇಬ್ಬರೂ ನಿಂತುಕೊಂಡೇ ಕುಡಿದರು.

ಹೊರಗಿನಿಂದ ಸರ್ ಕೂಗಿದರು. "ಮಂದಾ, ಯಾರ ಬಂದಾರ?"

ಕಾಕು ಹೊಸ್ತಿಲಲ್ಲಿ ನಿಂತು, "ನಿಮ್ಮ ವಿದ್ಯಾರ್ಥಿನಿ ಬಂದಾಳ್ರೀ, ಲಿಮಯೆ" ಎಂದಳು.

"ಲಿಮಯೆ..." ಅವರು ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದರು. ಎಲ್ಲೋ ಒಂದು ಎಳೆ ಸಿಕ್ಕಂತೆ ಕಣ್ಣು ಸಣ್ಣಗಾಯಿತು. "ಪ್ರೋಗ್ರಾಂ ಛಲೋ ಬರೀತಾಳೇನು ಹುಡುಗಿ?"

ಕಾಕು ತಿರುಗಿ ವೈಜಯಂತಿಯ ಮುಖ ನೋಡಿದಳು. ವೈಜಯಂತಿ ಕಪ್ಪನ್ನು ಕಟ್ಟೆಯ ಮೇಲಿಟ್ಟು ಹೊರಗೆ ಬಂದು, ಅವರ ಖುರ್ಚಿಯ ಎದುರು ನಿಂತಳು.

"ಬರೀತಿದ್ದೆ ಸರ್" ಎಂದಳು.